ಹಗುರ ಮಾಡೋದು ಸುಲಭ, ತೂಗಿಸೋದು ಕಷ್ಟ: ಫೋಮ್ ಮತ್ತು ಫೈಬರ್‌ಗ್ಲಾಸ್ ಗಿಟಾರ್ ಬಾಡಿ

ಮೊದಲು ಈ ಎರಡು ಪಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ. ನಾನು ಮಾತಾಡುತ್ತಿರುತ್ತೇನೆ, ನೀವು ಬಗ್ಗಿಸಿ ನೋಡುತ್ತಿರಿ. ಎರಡೂ ಒಂದೇ ಹಾಳೆಯಿಂದ ಕತ್ತರಿಸಿದ ಫೋಮ್. ಒಂದೇ ಉದ್ದ, ಒಂದೇ ದಪ್ಪ. ಒಂದು ಬರೀ ಫೋಮ್. ಇನ್ನೊಂದರ ಎರಡೂ ಮುಖಕ್ಕೆ ಒಂದೊಂದು ಪದರ ಗ್ಲಾಸ್ ಕ್ಲಾತ್, ಅಂದರೆ ಗಾಜಿನ ಎಳೆಯ ಬಟ್ಟೆ, ಇಟ್ಟು ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ಹಚ್ಚಿದೆ. ಬರೀ ಫೋಮ್ ಮುರಿದರೂ ಪರವಾಗಿಲ್ಲ. ಇನ್ನೊಂದನ್ನು ಮುರಿಯಲು ಆಗುತ್ತಾ ನೋಡಿ.

ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತು ನುಡಿಸುವವರಿಗೆ ತೂಕದ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಸ್ಟ್ರಾಟೋಕಾಸ್ಟರ್ ಥರದ ಗಿಟಾರ್ ಮೂರೂವರೆ ಕಿಲೋ ಆಸುಪಾಸು ಇರುತ್ತದೆ. ಲೆಸ್ ಪಾಲ್ ನಾಲ್ಕು, ನಾಲ್ಕೂವರೆ. 1970ರ ದಶಕದ ಕೆಲವು ಲೆಸ್ ಪಾಲ್‌ಗಳು 5 ಕಿಲೋ ದಾಟುತ್ತವೆ. ಇದು ಜಾಸ್ತಿ ಆಯಿತು ಅಂತ ಲೆಸ್ ಪಾಲ್ ಮಾಡುವ ಗಿಬ್ಸನ್ ಕಂಪನಿಗೇ ಅನ್ನಿಸಿತು. 1980ರ ದಶಕದಲ್ಲಿ ಅವರು ಮಹಾಗನಿ ಬಾಡಿಯೊಳಗೆ ಒಂಬತ್ತು ದುಂಡು ತೂತು ಕೊರೆದು, ಮೇಲೆ ಮೇಪಲ್ ಹಲಗೆ ಮುಚ್ಚಿ ಮಾರಲು ಶುರುಮಾಡಿದರು. ತೂತು ಹೊರಗೆ ಕಾಣುವುದಿಲ್ಲ. ತಂತಿಗೂ ಅದು ಗೊತ್ತಾಗಲಿಲ್ಲ.

ಲೆಕ್ಕ ಹಾಕೋಣ. ಸ್ಟ್ರಾಟ್ ಆಕಾರದ ಬಾಡಿಯ ಗಾತ್ರ ಸುಮಾರು 4 ಲೀಟರ್. ಆಲ್ಡರ್ ಮರದಲ್ಲಿ ಮಾಡಿದರೆ 1.8 ಕಿಲೋ. ಅದೇ 4 ಲೀಟರನ್ನು ಫೋಮ್‌ನಲ್ಲಿ ತುಂಬಿದರೆ ಎಷ್ಟು ಗೊತ್ತಾ? ಒಳ್ಳೆಯ ಗಟ್ಟಿ ಫೋಮ್ ಆದರೂ 130, 140 ಗ್ರಾಂ. ಬಾಡಿಯ ಒಟ್ಟು ಮೇಲ್ಮೈ ಕಾಲು ಚದರ ಮೀಟರ್‌ಗಿಂತ ಚೂರು ಜಾಸ್ತಿ. ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಕ್ಲಾತ್ ಮೂರು ಪದರ, ಅಷ್ಟೇ ತೂಕದ ಎಪಾಕ್ಸಿ ರೆಸಿನ್ ಸೇರಿ 300 ಗ್ರಾಂ ಚಿಲ್ಲರೆ. ಒಳಗೆ ಅಲ್ಲಲ್ಲಿ ಮರದ ತುಂಡುಗಳು, ಮೇಲೆ ಫಿಲ್ಲರ್, ಬಣ್ಣ, ಎಲ್ಲ ಹಾಕಿದರೂ 900 ಗ್ರಾಂ ಒಳಗೆ ಮುಗಿಯುತ್ತದೆ. ಅಂದರೆ ಬಾಡಿ ತೂಕ ಅರ್ಧ. ಇಲ್ಲಿಗೆ ನಿಲ್ಲಿಸಿದರೆ ಉಪನ್ಯಾಸ ಮುಗಿದ ಹಾಗೆ. ಆದರೆ ಕಳೆದ ಆ 900 ಗ್ರಾಂನಲ್ಲಿ ಸ್ವಲ್ಪವನ್ನು ವಾಪಸ್ ಹಾಕಬೇಕಾಗುತ್ತದೆ. ಎಲ್ಲಿ ಹಾಕಬೇಕು ಅನ್ನುವುದೇ ಈ ಕೆಲಸದ ತಿರುಳು.

ಇದು ಹೊಸ ಹುಚ್ಚು ಅಂದುಕೊಳ್ಳಬೇಡಿ. 1960ರ ದಶಕದ ಮೊದಲಲ್ಲೇ ಶಿಕಾಗೋದ ವಾಲ್ಕೋ ಕಂಪನಿ ಫೈಬರ್‌ಗ್ಲಾಸ್ ಗಿಟಾರ್ ಮಾಡುತ್ತಿತ್ತು. ನ್ಯಾಷನಲ್, ಸುಪ್ರೋ, ಏರ್‌ಲೈನ್ ಅನ್ನುವ ಹೆಸರುಗಳಲ್ಲಿ ಮಾರುತ್ತಿದ್ದರು. ಅಚ್ಚಿನಲ್ಲಿ ತೆಗೆದ ಎರಡು ಚಿಪ್ಪು, ನಡುವೆ ರಬ್ಬರಿನಂಥ ಪಟ್ಟಿ, ಒಳಗೆ ಟೊಳ್ಳು. ರಾಕ್ ಗಾಯಕ ಜ್ಯಾಕ್ ವೈಟ್ ಕೈಯಲ್ಲಿದ್ದ ಕೆಂಪು ಏರ್‌ಲೈನ್ ಗಿಟಾರ್ ನೋಡಿದ್ದೀರಲ್ಲ, ಅದೇ. 1966ರಲ್ಲಿ ಓವೇಶನ್ ಬಂತು. ಅದರ ಹಿಂದಿದ್ದವರು ಚಾರ್ಲ್ಸ್ ಕಾಮನ್, ಹೆಲಿಕಾಪ್ಟರ್ ತಯಾರಿಸುತ್ತಿದ್ದವರು. ರೋಟರ್ ಬ್ಲೇಡಿಗೆ ಬಳಸುವ ತಿಳಿವಳಿಕೆಯಲ್ಲೇ ಅಕೌಸ್ಟಿಕ್ ಗಿಟಾರಿನ ಬೆನ್ನನ್ನು ದುಂಡು ಬಟ್ಟಲಿನ ಆಕಾರದಲ್ಲಿ ಎರಕ ಹೊಯ್ದರು. ಆಮೇಲೆ ನೆಡ್ ಸ್ಟೈನ್‌ಬರ್ಗರ್ ತಲೆಯೇ ಇಲ್ಲದ ಬೇಸ್ ಗಿಟಾರ್ ಮಾಡಿದರು. ಕಾರ್ಬನ್, ಗ್ಲಾಸ್, ಎಪಾಕ್ಸಿ. ಬಾಡಿ ಅನ್ನುವುದು ಒಂದು ಸಣ್ಣ ಡಬ್ಬ ಅಷ್ಟೆ. 1993ರಲ್ಲಿ ಕೆನ್ ಪಾರ್ಕರ್ ಮತ್ತು ಲ್ಯಾರಿ ಫಿಶ್‌ಮನ್ ಸೇರಿ ಪಾರ್ಕರ್ ಫ್ಲೈ ತಂದರು. ಒಳಗೆ ತೆಳ್ಳಗಿನ ಹಗುರ ಮರ, ಹೊರಗೆ ಕಾರ್ಬನ್ ಮತ್ತು ಗ್ಲಾಸ್ ಹೊದಿಕೆ. ಇಡೀ ಗಿಟಾರ್ ಎರಡು ಕಿಲೋ ಚಿಲ್ಲರೆ.

ಇವರೆಲ್ಲರಿಗೂ ಕಾರ್ಖಾನೆ ಇತ್ತು, ಅಚ್ಚು ಇತ್ತು, ಒವನ್ ಇತ್ತು. ನಮ್ಮಂಥವರಿಗೆ, ಅಂದರೆ ಗ್ಯಾರೇಜ್‌ನಲ್ಲೋ ಟೆರೇಸ್ ಮೇಲೋ ಕೆಲಸ ಮಾಡುವವರಿಗೆ, ದಾರಿ ತೋರಿಸಿದವರು ಗಿಟಾರ್ ಲೋಕದವರೇ ಅಲ್ಲ. ಒಂದು ಕಡೆ ಸರ್ಫ್ ಬೋರ್ಡ್ ಮಾಡುವವರು. ನಮ್ಮ ಮುಲ್ಕಿ ಕಡಲಲ್ಲಿ ಹುಡುಗರು ಅಲೆ ಏರುವ ಹಲಗೆಗಳೂ ಫೋಮ್ ಮತ್ತು ಗ್ಲಾಸ್ ಹೊದಿಕೆಯವೇ. ಇನ್ನೊಂದು ಕಡೆ ವಿಮಾನ ಮಾಡುವ ಬರ್ಟ್ ರುಟಾನ್. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಕೂತು ಆತ 1970ರ ದಶಕದಲ್ಲಿ ಒಂದು ಸರಳ ಪ್ರಶ್ನೆ ಕೇಳಿಕೊಂಡ: ಅಚ್ಚು ಯಾಕೆ ಬೇಕು? ಫೋಮನ್ನೇ ರೆಕ್ಕೆಯ ಆಕಾರಕ್ಕೆ ಬಿಸಿ ತಂತಿಯಲ್ಲಿ ಕತ್ತರಿಸಿ. ಅದರ ಮೇಲೆ ನೇರವಾಗಿ ಗ್ಲಾಸ್ ಹಚ್ಚಿ. ಫೋಮ್ ಒಳಗೇ ಇರಲಿ. 1975ರಲ್ಲಿ ವೇರಿಈಝೀ ಹಾರಿತು, 1979ರಲ್ಲಿ ಲಾಂಗ್‌ಈಝೀ. ನಕ್ಷೆ ಕೊಂಡ ಜನ ಮನೆ ಗ್ಯಾರೇಜಿನಲ್ಲಿ ವಿಮಾನ ಕಟ್ಟಿದರು, ಹಾರಿಸಿದರು.

ಇದು ಬೆಂಗಳೂರಿಗೂ ಬಂದ ಕತೆ. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು, ನಾವೆಲ್ಲ ಎನ್‌ಎಎಲ್ ಅನ್ನುತ್ತೇವಲ್ಲ, 1980ರ ದಶಕದಲ್ಲಿ ರುಟಾನ್‌ನ ಲಾಂಗ್‌ಈಝೀ ವಿನ್ಯಾಸದ ಮೇಲೆ ಒಂದು ಸಣ್ಣ ಸಂಶೋಧನಾ ವಿಮಾನ ಕಟ್ಟಿದರು. ಆ ಅನುಭವದ ನಂತರ ಬಂದದ್ದೇ 1993ರಲ್ಲಿ ಮೊದಲು ಹಾರಿದ ಹಂಸ, ಗ್ಲಾಸ್ ಕಾಂಪೊಸಿಟ್‌ನ ತರಬೇತಿ ವಿಮಾನ. ಹಾಗಾಗಿ ಈ ವಿದ್ಯೆ ನಮ್ಮ ಊರಿಗೆ ಪರದೇಶಿಯಲ್ಲ. ಗಿಟಾರಿಗೆ ಬರುವುದು ಸ್ವಲ್ಪ ತಡವಾಗಿದೆ ಅಷ್ಟೆ.

ಟಪ್ ಅಂತ ಕೇಳಿಸಿತು. ಬರೀ ಫೋಮ್ ಹೋಯಿತು, ಅಲ್ವಾ? ಸರಿ. ಇನ್ನೊಂದು ಹೇಗಿದೆ? ಯಾರೋ ಮೊಣಕಾಲ ಮೇಲಿಟ್ಟು ಒತ್ತುತ್ತಿದ್ದಾರೆ. ಒತ್ತಿ ಸರ್, ಒತ್ತಿ.

ಯಾಕೆ ಇಷ್ಟು ವ್ಯತ್ಯಾಸ? ಒಂದು ಹಲಗೆ ಬಗ್ಗುವಾಗ ಒಂದು ಮುಖ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ನಡುವಿನ ಭಾಗಕ್ಕೆ ಹೆಚ್ಚು ಕೆಲಸ ಇಲ್ಲ. ಹಾಗಾದರೆ ಗಟ್ಟಿ ವಸ್ತುವನ್ನು ಎರಡು ಮುಖಕ್ಕೆ ಮಾತ್ರ ಇಟ್ಟು, ನಡುವೆ ಹಗುರವಾದದ್ದು ತುಂಬಿದರೆ ಸಾಕು. ಒಬ್ಬಟ್ಟಿನಲ್ಲಿ ರುಚಿಯೆಲ್ಲ ಹೂರಣದ್ದು, ಕಣಕ ಹೆಸರಿಗೆ. ಇಲ್ಲಿ ತಿರುಗುಮುರುಗು, ಕೆಲಸವೆಲ್ಲ ಕಣಕದ್ದು. ಒಂದು ತಗಡನ್ನು ಎರಡು ಪದರವಾಗಿ ಸೀಳಿ, ನಡುವೆ ಅದರಷ್ಟೇ ದಪ್ಪದ ಫೋಮ್ ಇಟ್ಟರೆ ಬಿಗಿತ ಏಳು ಪಟ್ಟು ಆಗುತ್ತದೆ. ಫೋಮ್ ಮೂರು ಪಟ್ಟು ದಪ್ಪ ಇದ್ದರೆ ಬಿಗಿತ 37 ಪಟ್ಟು. ತೂಕ ಮಾತ್ರ ನೂರಕ್ಕೆ ಐದಾರು ಏರಬಹುದು. ಫೋಮ್‌ಗೆ ಕೆಲಸವೇ ಇಲ್ಲ ಅಂತಲ್ಲ. ಎರಡು ಹೊದಿಕೆಗಳ ನಡುವಿನ ದೂರ ಕಾಯುವುದು, ಅವು ಒಂದರ ಮೇಲೊಂದು ಜಾರದಂತೆ ಹಿಡಿಯುವುದು ಅದರ ಕೆಲಸ. ಅದಕ್ಕೇ ಫೋಮ್ ಮತ್ತು ಹೊದಿಕೆಯ ಅಂಟು ಬಿಟ್ಟರೆ ಎಲ್ಲ ಕೆಟ್ಟಂತೆ.

ಗಿಟಾರ್ ತಂತಿಗಳ ಎಳೆತ ಎಷ್ಟು? ಸಾಮಾನ್ಯವಾಗಿ ಹಾಕುವ ಹತ್ತರ ಸೆಟ್ (ಅತಿ ತೆಳು ತಂತಿ 0.010 ಇಂಚು), ನುಡಿಯುವ ತಂತಿಯ ಉದ್ದ 648 ಮಿಲಿಮೀಟರ್, ಮಾಮೂಲಿ ಶ್ರುತಿ ಅಂದರೆ ಆರೂ ತಂತಿ ಸೇರಿ ಸುಮಾರು 45 ಕಿಲೋ. ಕೇಳಿದರೆ ಭಯವಾಗುತ್ತದೆ. ತಂತಿ ಬಾಡಿಯ ನಡುಮಟ್ಟದಿಂದ ಮೂರೂವರೆ ಸೆಂಟಿಮೀಟರ್ ಮೇಲಿರುತ್ತದೆ. ಬಾಡಿ ದಪ್ಪ 44 ಮಿಲಿಮೀಟರ್. ಲೆಕ್ಕ ಮಾಡಿದರೆ ಮೇಲಿನ ಹೊದಿಕೆ ತಡೆಯಬೇಕಾದ ಒತ್ತಡ 60 ಕಿಲೋ ಹತ್ತಿರ. ಅದು ಬಾಡಿಯ ಸೊಂಟದ ಇಪ್ಪತ್ತು ಸೆಂಟಿಮೀಟರ್ ಅಗಲಕ್ಕೂ ಹರಡುತ್ತದೆ. ತಂತಿಯ ಅಲುಗಾಟ ಹಿಡಿಯುವ ಪಿಕಪ್‌ಗಳ ತೂತು ಕಳೆದರೂ, ಮೂರು ಪದರದ ತೆಳು ಹೊದಿಕೆ ಇದರ ಹತ್ತು ಪಟ್ಟನ್ನಾದರೂ ಸಲೀಸಾಗಿ ತಡೆಯುತ್ತದೆ. ಅಂದರೆ ತಂತಿಗೋಸ್ಕರ ಪದರ ಹೆಚ್ಚಿಸಬೇಕಾಗಿಲ್ಲ. ಪದರ ಬೇಕಾಗಿರುವುದು ಬೆಲ್ಟ್ ಬಕಲ್ ತಾಗುವ ಬೆನ್ನಿಗೆ, ಮೊಣಕೈ ಊರುವ ಅಂಚಿಗೆ, ಸ್ಟ್ಯಾಂಡಿನಿಂದ ಜಾರಿ ಬಿದ್ದಾಗ ನೆಲಕ್ಕೆ ಬಡಿಯುವ ಮೂಲೆಗೆ.

ಮುರಿಯಿತಾ? ತೋರಿಸಿ. ಎಲ್ಲರೂ ಒಮ್ಮೆ ಈ ಜಾಗ ನೋಡಿ. ಇದು ಬಗ್ಗಿ ಮುರಿದದ್ದಲ್ಲ. ಅವರ ಹೆಬ್ಬೆರಳು ಒತ್ತಿದ ಜಾಗದಲ್ಲಿ ಹೊದಿಕೆ ಒಳಕ್ಕೆ ತಗ್ಗಿದೆ, ಕೆಳಗಿನ ಫೋಮ್ ಜಜ್ಜಿದೆ, ಅಲ್ಲಿಂದ ಸುಕ್ಕು ಎದ್ದಿದೆ. ಥ್ಯಾಂಕ್ಸ್, ಇದನ್ನೇ ಮುಂದೆ ಹೇಳುವವನಿದ್ದೆ. ಹರಡಿದ ಭಾರವನ್ನು ಇದು ಎಷ್ಟು ಬೇಕಾದರೂ ತಾಳುತ್ತದೆ. ಒಂದೇ ಬಿಂದುವಿನ ಭಾರವನ್ನು ತಾಳುವುದಿಲ್ಲ. ಗಿಟಾರಿನಲ್ಲೋ ಭಾರವೆಲ್ಲ ಬಿಂದುಗಳಲ್ಲೇ ಬಂದು ಕೂರುತ್ತದೆ: ಕುತ್ತಿಗೆಯ ನಾಲ್ಕು ಸ್ಕ್ರೂ, ತಂತಿಯ ಬಾಲದ ತುದಿ ಹಿಡಿಯುವ ಬ್ರಿಡ್ಜಿನ ಸ್ಕ್ರೂಗಳು, ಹೆಗಲ ಪಟ್ಟಿ ಸಿಕ್ಕಿಸುವ ಸ್ಟ್ರಾಪ್ ಬಟನ್ ಎರಡು, ಮತ್ತೆ ಕೇಬಲ್ ಚುಚ್ಚುವ ಜ್ಯಾಕ್.

ಫೋಮ್‌ಗೆ ಸ್ಕ್ರೂ ಹಾಕಿದರೆ ಬೆರಳಲ್ಲೇ ಕಿತ್ತು ಬರುತ್ತದೆ. ಆದ್ದರಿಂದ ಆ ಜಾಗಗಳಲ್ಲಿ ಮರದ ತುಂಡು ಕೂರಿಸಬೇಕು. ಇದಕ್ಕೆ ಎರಡು ದಾರಿ. ಒಂದು, ಬಾಡಿಯ ಉದ್ದಕ್ಕೂ ಆರೇಳು ಸೆಂಟಿಮೀಟರ್ ಅಗಲದ ಒಂದೇ ಮರದ ಬೆನ್ನೆಲುಬು. ಕುತ್ತಿಗೆಯೂ ಬ್ರಿಡ್ಜೂ ಅದಕ್ಕೇ ಕೂರುತ್ತವೆ. ಎರಡು ಪಕ್ಕಕ್ಕೆ ಮಾತ್ರ ಫೋಮ್. ಇದು ಭದ್ರ, ತಪ್ಪು ಮಾಡಿದರೂ ಕ್ಷಮಿಸುತ್ತದೆ. ಆದರೆ ಆ ಬೆನ್ನೆಲುಬೇ ಅರ್ಧ ಕಿಲೋ ಆಯಿತು. ಮೊದಲ ಸಲ ಮಾಡುವವರು ಇದನ್ನೇ ಮಾಡಿ. ಎರಡನೆಯದು ನನಗೆ ಇಷ್ಟವಾದ ದಾರಿ: ಕುತ್ತಿಗೆಯ ಕೆಳಗೆ ಒಂದು ತುಂಡು, ಬ್ರಿಡ್ಜಿನ ಕೆಳಗೆ ಒಂದು ತುಂಡು, ನಡುವೆ ಫೋಮ್ ಮಾತ್ರ. ಆಗ 45 ಕಿಲೋ ಎಳೆತ ಒಂದು ತುಂಡಿನಿಂದ ಹೊದಿಕೆಗೆ ಇಳಿದು, ಹೊದಿಕೆಯಲ್ಲಿ ಹರಿದು, ಇನ್ನೊಂದು ತುಂಡನ್ನು ತಲುಪಬೇಕು. ಅದಕ್ಕಾಗಿ ಎರಡೂ ತುಂಡು ಬಾಡಿಯ ಪೂರ್ತಿ ದಪ್ಪ ಇರಲೇಬೇಕು, ಮೇಲಿನ ಹೊದಿಕೆಗೂ ಕೆಳಗಿನ ಹೊದಿಕೆಗೂ ಅಂಟಿರಲೇಬೇಕು. ಅರ್ಧ ದಪ್ಪದ ತುಂಡನ್ನು ಮೇಲಿನಿಂದ ತೂರಿಸಿ ಅಂಟಿಸಿದರೆ ತಂತಿಯ ಎಳೆತಕ್ಕೆ ಅದು ನಿಧಾನವಾಗಿ ಮುಂದಕ್ಕೆ ವಾಲುತ್ತದೆ. ಶ್ರುತಿ ನಿಲ್ಲುವುದಿಲ್ಲ. ಕಾರಣ ಮಾತ್ರ ಹೊರಗೆ ಕಾಣುವುದಿಲ್ಲ, ತಂತಿ ಬಿಗಿಯುವ ಟ್ಯೂನರ್ ಸರಿಯಿಲ್ಲ ಅಂತ ಅದನ್ನು ಬದಲಾಯಿಸುತ್ತಾ ಕೂರುತ್ತೀರಿ.

ತುಂಡುಗಳ ಮೇಲೆ ಹೊದಿಕೆಗೆ ಎರಡು ಪದರ ಹೆಚ್ಚಿಗೆ ಕೊಡಿ. ಆ ಪದರಗಳು ಮರದ ಅಂಚಿನಲ್ಲೇ ನಿಲ್ಲಬಾರದು, ನಾಲ್ಕೈದು ಸೆಂಟಿಮೀಟರ್ ಫೋಮ್ ಮೇಲಕ್ಕೂ ಹಾಯಬೇಕು. ಒಂದು ಪದರ ಇನ್ನೊಂದಕ್ಕಿಂತ ಚಿಕ್ಕದಿರಲಿ, ದಪ್ಪ ಒಮ್ಮೆಲೇ ಇಳಿಯದಿರಲಿ. ಮರಕ್ಕೆ ನಾನು ಮರೈನ್ ಪ್ಲೈವುಡ್ ಬಳಸುತ್ತೇನೆ. ಹಲಸೂ ಆಗುತ್ತದೆ, ಚೆನ್ನಾಗಿ ಒಣಗಿರಬೇಕು ಅಷ್ಟೆ. ಸ್ಟ್ರಾಪ್ ಬಟನ್‌ಗೆ ಹೆಬ್ಬೆರಳು ಗಾತ್ರದ ಸಣ್ಣ ಬೆಣೆ ಸಾಕು. ಅದನ್ನು ಮಾತ್ರ ಉದಾಸೀನ ಮಾಡಬೇಡಿ. ಗಿಟಾರ್ ಬಿದ್ದರೆ ಬಹಳ ಸಲ ಮೊದಲು ನೆಲಕ್ಕೆ ತಾಗುವುದು ಬಾಲದ ಬಟನ್ನೇ. ಬೆಣೆ ಇಲ್ಲದಿದ್ದರೆ ಅದು ಸೀದಾ ಒಳಗೆ ಹೋಗುತ್ತದೆ. ಜ್ಯಾಕ್ ಕೂಡ ಹಾಗೆಯೇ, ಕೇಬಲ್ ಮೇಲೆ ಯಾರಾದರೂ ಕಾಲಿಟ್ಟೇ ಇಡುತ್ತಾರೆ. ಟ್ರೆಮೊಲೊ, ಅಂದರೆ ಬ್ರಿಡ್ಜನ್ನೇ ಅಲುಗಾಡಿಸಿ ಸ್ವರ ಬಾಗಿಸುವ ಹಿಡಿಕೆ, ಬೇಕು ಅನ್ನುವವರಿಗೆ ಒಂದು ಮಾತು. ಹಿಂದಿನ ಸ್ಪ್ರಿಂಗುಗಳ ಕೊಂಡಿ ಅವುಗಳ ಎಳೆತವನ್ನೆಲ್ಲ ಎರಡೇ ಸ್ಕ್ರೂ ಮೇಲೆ ಹಾಕುತ್ತದೆ. ಹಾಗಾಗಿ ಬ್ರಿಡ್ಜ್ ತುಂಡು ಆ ಕೊಂಡಿಯವರೆಗೂ ಹೋಗಬೇಕು. ಹೋಗುತ್ತಾ ಹೋಗುತ್ತಾ ಅದೇ ಬೆನ್ನೆಲುಬು ಆಗಿಬಿಡುತ್ತದೆ. ಮೊದಲ ಗಿಟಾರಿಗೆ ಟ್ರೆಮೊಲೊ ಬೇಡ.

ಇನ್ನು ಸಾಮಾನು. ಫೋಮ್ ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರುವುದು ಗಣಪತಿ ಮಂಟಪದ ಬಿಳಿ ಥರ್ಮಾಕೋಲ್. ಕೆಲಸ ಆಗುತ್ತದೆ, ಆದರೆ ಉಜ್ಜಿದರೆ ಕಾಳು ಕಾಳಾಗಿ ಉದುರುತ್ತದೆ. ಇದಕ್ಕಿಂತ ಎಕ್ಸ್‌ಪಿಎಸ್ ಒಳ್ಳೆಯದು. ತಾರಸಿ ಕಾವು ತಡೆಯಲು, ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕುವ ಬಣ್ಣದ ಹಾಳೆ ಅದು. ಕಾಳಿಲ್ಲ, ಒಂದೇ ಸಮ ಇರುತ್ತದೆ, ಎಮರಿ ಪೇಪರ್‌ನಲ್ಲಿ ನುಣ್ಣಗೆ ಆಗುತ್ತದೆ. ಎರಡೂ ಪಾಲಿಸ್ಟೈರೀನೇ. ಸರ್ಫ್ ಬೋರ್ಡಿನವರ ಹಳೆಯ ಫೋಮ್ ಪಾಲಿಯುರೇಥೇನ್, ಅದರ ಗುಣವೇ ಬೇರೆ.

ಈ ವ್ಯತ್ಯಾಸ ಎರಡು ಕಡೆ ತೊಂದರೆ ಕೊಡುತ್ತದೆ. ಮೊದಲನೆಯದು ರೆಸಿನ್. ಊರಿನ ಎಫ್‌ಆರ್‌ಪಿ, ಅಂದರೆ ಫೈಬರ್‌ಗ್ಲಾಸ್ ಸಾಮಾನಿನ ಅಂಗಡಿಗೆ ಹೋಗಿ ರೆಸಿನ್ ಕೊಡಿ ಅಂದರೆ ಪಾಲಿಯೆಸ್ಟರ್ ಕೊಡುತ್ತಾರೆ. ವಿಗ್ರಹ, ನೀರಿನ ಟ್ಯಾಂಕು, ಬೋರ್ಡು ಎಲ್ಲ ಅದರಲ್ಲೇ ಆಗುವುದು, ದರವೂ ಕಡಿಮೆ. ಆದರೆ ಅದರಲ್ಲಿ ಸ್ಟೈರೀನ್ ಇರುತ್ತದೆ. ಪಾಲಿಸ್ಟೈರೀನ್ ಮೇಲೆ ಸುರಿದರೆ ಕಣ್ಣೆದುರೇ ಫೋಮ್ ಕರಗಿ ಗುಂಡಿ ಬೀಳುತ್ತದೆ. ಆದ್ದರಿಂದ ಥರ್ಮಾಕೋಲ್‌ಗೆ, ಎಕ್ಸ್‌ಪಿಎಸ್‌ಗೆ ಎಪಾಕ್ಸಿ ಮಾತ್ರ. ಎರಡನೆಯದು ಬಿಸಿ ತಂತಿ. ಪಾಲಿಸ್ಟೈರೀನನ್ನು ಗಾಳಿ ಆಡುವ ಜಾಗದಲ್ಲಿ ಬಿಸಿ ತಂತಿಯಿಂದ ಕತ್ತರಿಸಬಹುದು. ಪಾಲಿಯುರೇಥೇನನ್ನು ಮಾತ್ರ ಯಾವತ್ತೂ ಹಾಗೆ ಕತ್ತರಿಸಬೇಡಿ, ಅದರಿಂದ ಬರುವ ಹೊಗೆ ವಿಷ. ಅದಕ್ಕೆ ಗರಗಸ, ಚಾಕು, ಎಮರಿ ಪೇಪರ್ ಇವೆ.

ಕತ್ತರಿಸುವ ಕೆಲಸ ಖುಷಿಯದ್ದು. ನೈಕ್ರೋಮ್ ತಂತಿಯನ್ನು ಬಿಲ್ಲಿನ ಥರ ಬಿಗಿದು ಕರೆಂಟ್ ಕೊಡಿ. ತಂತಿ ಕೆಂಪಾಗಬಾರದು. ಕೆಂಪಾದರೆ ಫೋಮ್ ಅಗತ್ಯಕ್ಕಿಂತ ಜಾಸ್ತಿ ಕರಗಿ ಅಂಚು ತಿನ್ನುತ್ತದೆ. ಎರಡು ಪಕ್ಕಕ್ಕೂ ಸನ್‌ಮೈಕಾದಲ್ಲಿ ಕತ್ತರಿಸಿದ ಟೆಂಪ್ಲೇಟ್ ಅಂಟಿಸಿ, ತಂತಿ ಅವುಗಳ ಮೇಲೆ ಜಾರುತ್ತಾ ಹೋಗಬೇಕು. ವಿಮಾನ ಕಟ್ಟುವವರು ಟೆಂಪ್ಲೇಟ್ ಮೇಲೆ ನಂಬರ್ ಬರೆದುಕೊಳ್ಳುತ್ತಾರೆ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬಿಲ್ಲು ಹಿಡಿದು, ಒಬ್ಬರು ಒಂದು, ಎರಡು, ಮೂರು ಅಂತ ಜೋರಾಗಿ ಕೂಗುತ್ತಾ ಎಳೆಯುತ್ತಾರೆ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ನಂಬರಿನಲ್ಲಿರಬೇಕು. ಗಿಟಾರಿಗೆ ಇಷ್ಟೆಲ್ಲ ಬೇಡ, ಒಬ್ಬರೇ ಮಾಡಬಹುದು. ಆದರೂ ಇಬ್ಬರಿದ್ದರೆ ಬಾಡಿಯ ಬದಿ ನೆಟ್ಟಗೆ ಬರುತ್ತದೆ. ನಮ್ಮ ಮಂಟಪ ಅಲಂಕಾರದ ಹುಡುಗರ ಹತ್ತಿರ ಒಂದು ದಿನ ಕೂತು ನೋಡಿ. ಈ ತಂತಿಯ ಕೆಲಸದಲ್ಲಿ ಅವರ ಕೈಗಿರುವ ಹದ ಎಂಜಿನಿಯರುಗಳಿಗೆ ಇಲ್ಲ.

ಅಂಚುಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯ ಮೇಲೆ ಗ್ಲಾಸ್ ಕ್ಲಾತ್ ಕೂರುವುದಿಲ್ಲ, ಎದ್ದು ನಿಲ್ಲುತ್ತದೆ, ಕೆಳಗೆ ಗಾಳಿ ಸೇರುತ್ತದೆ. ದುಂಡಿನ ತ್ರಿಜ್ಯ ಕನಿಷ್ಠ ಹತ್ತು ಮಿಲಿಮೀಟರ್ ಇರಲಿ. ಕ್ಲಾತನ್ನು ಓರೆಯಾಗಿ, 45 ಡಿಗ್ರಿಗೆ ಹಾಸಿದರೆ ಕೊಂಬಿನ ತಿರುವುಗಳಿಗೂ ಸುಕ್ಕಿಲ್ಲದೆ ಇಳಿಯುತ್ತದೆ. ಹಾಸುವ ಮೊದಲು ಎಪಾಕ್ಸಿಗೆ ಮೈಕ್ರೋಬಲೂನ್, ಅಂದರೆ ಹಿಟ್ಟಿನಂಥ ಟೊಳ್ಳು ಗಾಜಿನ ಪುಡಿ, ಕಲಸಿ ಫೋಮ್ ಮೇಲೆ ತೆಳ್ಳಗೆ ಸವರಿ. ಫೋಮ್‌ನ ಸಣ್ಣ ಸಣ್ಣ ತೂತು ಮುಚ್ಚುತ್ತದೆ, ರೆಸಿನ್ ಕುಡಿಯುವುದು ನಿಲ್ಲುತ್ತದೆ, ಹೊದಿಕೆಗೆ ಹಿಡಿತ ಸಿಗುತ್ತದೆ. ಆಗಲೇ ಹೇಳಿದೆನಲ್ಲ, ಅಂಟು ಬಿಟ್ಟರೆ ಎಲ್ಲ ಕೆಟ್ಟಂತೆ ಅಂತ. ಆ ಅಂಟು ಕೂರುವುದು ಈ ಸವರಿಕೆಯಲ್ಲಿ.

ಎಪಾಕ್ಸಿಯನ್ನು ಕಣ್ಣಂದಾಜಿನಲ್ಲಿ ಬೆರೆಸಬೇಡಿ. ಇಲ್ಲಿ ಸುಲಭವಾಗಿ ಸಿಗುವ ಎಲ್‌ವೈ556 ರೆಸಿನ್‌ಗೆ ಎಚ್‌ವೈ951 ಹಾರ್ಡ್ನರ್ ಅಂದರೆ ತೂಕದಲ್ಲಿ 100ಕ್ಕೆ 10. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎಫ್‌ಆರ್‌ಪಿ ಕೆಲಸ ಗೊತ್ತಿರುವವರಿಗೆ ಒಂದು ಚಾಳಿ ಇರುತ್ತದೆ. ಬೇಗ ಗಟ್ಟಿಯಾಗಲಿ ಅಂತ ಕ್ಯಾಟಲಿಸ್ಟ್ ನಾಲ್ಕು ಹನಿ ಜಾಸ್ತಿ ಹಾಕುವುದು. ಪಾಲಿಯೆಸ್ಟರ್‌ನಲ್ಲಿ ಅದು ನಡೆಯುತ್ತದೆ. ಎಪಾಕ್ಸಿಯಲ್ಲಿ ನಡೆಯುವುದಿಲ್ಲ. ಜಾಸ್ತಿ ಹಾರ್ಡ್ನರ್ ಹಾಕಿದರೆ ಮಿಕ್ಕದ್ದು ಕೂಡಿಕೊಳ್ಳದೆ ಒಳಗೇ ಉಳಿಯುತ್ತದೆ, ಹೊದಿಕೆ ಮೆತ್ತಗಾಗುತ್ತದೆ. ಒಂದೇ ಸಲ ಲೋಟದ ತುಂಬಾ ಕಲಸಲೂ ಬೇಡಿ. ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಸ್ಕ್ವೀಜಿಯಿಂದ ಎಳೆದಾಗ ಬಟ್ಟೆಯ ನೇಯ್ಗೆ ಕಾಣುತ್ತಿರಬೇಕು. ಕನ್ನಡಿಯಂತೆ ಹೊಳೆದರೆ ರೆಸಿನ್ ಜಾಸ್ತಿಯಾಯಿತು ಅಂತ ಅರ್ಥ. ಆ ಹೊಳಪು ಬರೀ ತೂಕ. ಕೈಗವಸು ಹಾಕಿಕೊಳ್ಳಿ. ಎಪಾಕ್ಸಿ ಇವತ್ತು ಏನೂ ಮಾಡದಿರಬಹುದು, ಆದರೆ ಚರ್ಮಕ್ಕೆ ಮತ್ತೆ ಮತ್ತೆ ತಾಗುತ್ತಿದ್ದರೆ ಒಂದು ದಿನ ಅಲರ್ಜಿ ಶುರುವಾಗುತ್ತದೆ, ಆಮೇಲೆ ಹೋಗುವುದಿಲ್ಲ. ಗ್ಲಾಸ್ ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಮೊದಲು ಬೆನ್ನು, ಮಾರನೆಯ ದಿನ ಮುಂಭಾಗ. ಅಂಚಿನಿಂದ ಹೊರಬಂದ ಬಟ್ಟೆಯನ್ನು ಪೂರ್ತಿ ಗಟ್ಟಿಯಾಗುವ ಮೊದಲೇ, ಚರ್ಮದ ಹದಕ್ಕೆ ಬಂದಾಗ ಬ್ಲೇಡಿನಿಂದ ಕತ್ತರಿಸಿಬಿಡಿ. ಆ ಹೊತ್ತು ಬಿಟ್ಟರೆ ಗ್ರೈಂಡರ್ ಹಿಡಿಯಬೇಕು, ಧೂಳು ತಿನ್ನಬೇಕು. ಮಳೆಗಾಲದಲ್ಲಿ ಮಾಡುವವರು ಗಮನಿಸಿ: ಗಟ್ಟಿಯಾದ ಮೇಲೆ ಎಪಾಕ್ಸಿ ಮೇಲೆ ಬೆಳ್ಳಗೆ, ಎಣ್ಣೆ ಎಣ್ಣೆಯಾಗಿ ಒಂದು ಪೊರೆ ಕಾಣಿಸಬಹುದು. ಉಜ್ಜಬೇಡಿ, ಮೊದಲು ನೀರು ಹಾಕಿ ತೊಳೆಯಿರಿ. ತೊಳೆಯದೆ ಮುಂದಿನ ಪದರ ಹಚ್ಚಿದರೆ ಅದು ಹಿಡಿಯುವುದಿಲ್ಲ.

ಬಣ್ಣದ ಬಗ್ಗೆ ಎರಡೇ ಮಾತು. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿದ್ದರೂ ಸ್ಪ್ರೇ ಮಾಡಿದ ಥಿನ್ನರ್ ಅದರೊಳಗೆ ಇಳಿದು ಫೋಮ್ ತಿನ್ನುತ್ತದೆ. ಹೊರಗೆ ಬಣ್ಣ ಚೆಂದ, ಒಳಗೆ ಗುಹೆ. ಅದಕ್ಕೇ ಮೊದಲು ಎಪಾಕ್ಸಿ ಫಿಲ್ಲರ್ ಹಾಕಿ, ತೂತೆಲ್ಲ ಮುಚ್ಚಿ, ಆಮೇಲೆ ಪ್ರೈಮರ್. ಇನ್ನೊಂದು, ಕಪ್ಪು ಬಣ್ಣ ಬೇಡ. ರುಟಾನ್ ವಿಮಾನಗಳು ಹೆಚ್ಚಾಗಿ ಬೆಳ್ಳಗೆ ಇರುವುದು ಚೆಂದಕ್ಕಲ್ಲ, ಬಿಸಿಲಿಗೆ ಹೊದಿಕೆ ಮೆತ್ತಗಾಗದಿರಲಿ ಅಂತ. ಬಳ್ಳಾರಿ, ಕಲಬುರಗಿ ಬೇಸಿಗೆಯಲ್ಲಿ ಗಾಜು ಮುಚ್ಚಿದ ಕಾರಿನಲ್ಲಿ ಕಪ್ಪು ಗಿಟಾರ್ ಬಿಟ್ಟು ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಬ್ರಿಡ್ಜ್ ಸುತ್ತ ಬಾಡಿಯ ಆಕಾರ ಬದಲಾಗಿರಬಹುದು. ಮೆಟಲ್ ನುಡಿಸುವ ಹುಡುಗರಿಗೆ ಇದು ಬೇಸರ ಅಂತ ಗೊತ್ತು.

ಈಗ ಕಷ್ಟದ ಭಾಗಕ್ಕೆ ಬರೋಣ. ಬಾಡಿ ಅರ್ಧ ತೂಕ ಆಯಿತು. ಕುತ್ತಿಗೆ? ಅದು ಮೊದಲಿನಷ್ಟೇ. ಮೇಪಲ್ ಕುತ್ತಿಗೆ, ಆರು ಟ್ಯೂನರ್ ಸೇರಿ ಸುಮಾರು 800 ಗ್ರಾಂ. ಅಂದಾಜು ಲೆಕ್ಕ ಹೇಳುತ್ತೇನೆ. ಕುತ್ತಿಗೆಯ ಮೇಲಿನ ಹನ್ನೆರಡನೇ ಫ್ರೆಟ್ಟನ್ನು, ಅಂದರೆ ಮೆಟ್ಟಿಲನ್ನು, ಸೊನ್ನೆ ಅಂದುಕೊಳ್ಳಿ. ಸ್ಟ್ರಾಟ್‌ನ ಉದ್ದ ಕೊಂಬಿನ ಸ್ಟ್ರಾಪ್ ಬಟನ್ ಇರುವುದೂ ಅಲ್ಲೇ. ಕುತ್ತಿಗೆಯ ತೂಕ ಅಲ್ಲಿಂದ ತಲೆಯ ಕಡೆಗೆ 20 ಸೆಂಟಿಮೀಟರ್ ದೂರದಲ್ಲಿ ಕೂತಿದೆ. ಬಾಡಿ, ಬ್ರಿಡ್ಜ್, ಪಿಕಪ್ ಎಲ್ಲದರ ತೂಕ ಬಾಲದ ಕಡೆಗೆ 22 ಸೆಂಟಿಮೀಟರ್ ದೂರದಲ್ಲಿದೆ. ಮರದ ಬಾಡಿಯಾದರೆ ಈ ಭಾಗ ಎರಡೂವರೆ ಕಿಲೋ, ಇಡೀ ಗಿಟಾರಿನ ತೂಕದ ನಡು ಹನ್ನೆರಡನೇ ಫ್ರೆಟ್‌ನಿಂದ 12 ಸೆಂಟಿಮೀಟರ್ ಹಿಂದೆ ಬರುತ್ತದೆ. ಫೋಮ್ ಬಾಡಿಯಾದರೆ ಈ ಭಾಗ 1.6 ಕಿಲೋ, ತೂಕದ ನಡು 8 ಸೆಂಟಿಮೀಟರ್‌ಗೆ ಸರಿಯುತ್ತದೆ.

ನಾಲ್ಕು ಸೆಂಟಿಮೀಟರ್ ಅಷ್ಟೇನಾ ಅನ್ನಬೇಡಿ. ಸ್ಟ್ರಾಟ್ ಆಕಾರದಲ್ಲಿ ತೂಕದ ನಡು ಇನ್ನೂ ಬಟನ್ನಿಗಿಂತ ಹಿಂದೆಯೇ ಇದೆ, ತಲೆ ಸ್ವಲ್ಪ ತಗ್ಗುತ್ತದೆ ಅಷ್ಟೆ. ಆದರೆ ಗಿಬ್ಸನ್‌ನ ಎಸ್‌ಜಿ ಗಿಟಾರ್ ಥರದ ಆಕಾರದಲ್ಲಿ ಬಟನ್ ಇರುವುದು ಕುತ್ತಿಗೆ ಬಾಡಿಗೆ ಸೇರುವ ಜಾಗದಲ್ಲಿ, ಹನ್ನೆರಡನೇ ಫ್ರೆಟ್‌ನಿಂದ ಹತ್ತು, ಹನ್ನೊಂದು ಸೆಂಟಿಮೀಟರ್ ಹಿಂದೆ. ಅಲ್ಲಿ ಎಂಟಕ್ಕೆ ಬಂದರೆ ತೂಕದ ನಡು ಬಟನ್ನಿಗಿಂತ ಮುಂದೆ ಹೋಯಿತು. ಕೈ ಬಿಟ್ಟ ತಕ್ಷಣ ತಲೆ ನೆಲ ನೋಡುತ್ತದೆ. ಎರಡು ಗಂಟೆ ಎಡಗೈಯಲ್ಲಿ ಕುತ್ತಿಗೆ ಎತ್ತಿ ಹಿಡಿದು ನುಡಿಸಬೇಕು. ಹೆಗಲು ನೋವು ಹೋಗಿ ಮಣಿಕಟ್ಟು ನೋವು ಬಂತು. ಅಂಥ ಗಿಟಾರ್ 2.4 ಕಿಲೋ ಇದ್ದೇನು ಬಂತು?

ಪರಿಹಾರ ಮೂರು ಥರ ಇದೆ. ಅಗ್ಗದ್ದು, ಕೊಂಬು ಉದ್ದ ಮಾಡುವುದು. ಮರದಲ್ಲಿ ಉದ್ದ ಕೊಂಬು ಅಂದರೆ ತೂಕ, ಜೊತೆಗೆ ಮುರಿಯುವ ಭಯ. ಫೋಮ್‌ನಲ್ಲಿ ಒಂದೆರಡು ಇಂಚು ಮುಂದೆ ಚಾಚಿದರೆ ಹತ್ತು, ಹದಿನೈದು ಗ್ರಾಂ. ಈ ವಸ್ತು ನಿಮಗೆ ಕೊಡುವ ದೊಡ್ಡ ಸ್ವಾತಂತ್ರ್ಯ ಇದು, ಹಳೆಯ ಆಕಾರಗಳನ್ನೇ ಯಾಕೆ ನಕಲು ಮಾಡಬೇಕು? ಎರಡನೆಯದು, ಬಾಲದಲ್ಲಿ ತೂಕ ಸೇರಿಸುವುದು. 200 ಗ್ರಾಂ ತೀರಾ ತುದಿಯಲ್ಲಿಟ್ಟರೆ ತೂಕದ ನಡು ಎರಡೂವರೆ ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಸೀಸ ಕಟ್ಟುವುದಕ್ಕಿಂತ ಅದನ್ನು ಭಾರದ ಹಿತ್ತಾಳೆ ಬ್ರಿಡ್ಜ್ ರೂಪದಲ್ಲಿ ಇಡುವುದು ಜಾಣತನ. ಮೂರನೆಯದು, ತಲೆಯಿಂದ ತೂಕ ಕಳೆಯುವುದು. ಹಗುರ ಟ್ಯೂನರ್ ಹಾಕಿ 100 ಗ್ರಾಂ ಕಳೆದರೂ ಸಾಕು, ನಡು ಸುಮಾರು ಎರಡು ಸೆಂಟಿಮೀಟರ್ ಹಿಂದೆ ಬರುತ್ತದೆ, ಒಟ್ಟು ತೂಕವೂ ಇಳಿದಿರುತ್ತದೆ. ಸ್ಟೈನ್‌ಬರ್ಗರ್ ತಲೆಯನ್ನೇ ತೆಗೆದು ಟ್ಯೂನರುಗಳನ್ನು ಬಾಲಕ್ಕೆ ಕಳಿಸಿದ್ದು ಶೋಕಿಗಲ್ಲ. ಅಷ್ಟು ಸಣ್ಣ ಬಾಡಿ ಇಟ್ಟುಕೊಂಡು ಬೇರೆ ದಾರಿ ಇರಲಿಲ್ಲ.

ಹಾಗಾಗಿ ಫೋಮ್ ಕತ್ತರಿಸುವ ಮೊದಲು ನೀವು ಬಳಸುವ ಕುತ್ತಿಗೆ, ಟ್ಯೂನರ್, ಬ್ರಿಡ್ಜ್ ಎಲ್ಲ ತೂಕ ಹಾಕಿ. ರಟ್ಟಿನಲ್ಲಿ ಬಾಡಿ ಆಕಾರ ಕತ್ತರಿಸಿ, ಒಂದೊಂದು ಸಾಮಾನಿನ ತೂಕದಷ್ಟು ನಟ್ಟು ಬೋಲ್ಟುಗಳನ್ನು ಅದರದರ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ, ದಾರ ಕಟ್ಟಿ ನೇತು ಹಾಕಿ ನೋಡಿ. ಒಂದು ಸಂಜೆಯ ಕೆಲಸ.

ಧ್ವನಿ? ಎಲ್ಲರೂ ಇದಕ್ಕೇ ಕಾಯುತ್ತಿದ್ದೀರಿ. ಮರವೇ ಧ್ವನಿ ಅನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ಪಿಕಪ್ ಕೇಳಿಸಿಕೊಳ್ಳುವುದು ಉಕ್ಕಿನ ತಂತಿಯ ಅಲುಗಾಟವನ್ನು. ತಂತಿಯ ಎರಡು ತುದಿ ಎಷ್ಟು ಗಟ್ಟಿಯಾಗಿ ನಿಂತಿವೆ ಅನ್ನುವುದರ ಮೇಲೆ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ನಿಂತಿದೆ. ಕೆಲವು ಫ್ರೆಟ್‌ಗಳಲ್ಲಿ ಸ್ವರ ಬೇಗ ಸತ್ತುಹೋಗುತ್ತದಲ್ಲ, ಅದರ ಬಗ್ಗೆ 1990ರ ದಶಕದಲ್ಲಿ ಜರ್ಮನಿಯಲ್ಲಿ ಅಳತೆ ಮಾಡಿದಾಗ ಮುಖ್ಯ ಕಾರಣ ಕುತ್ತಿಗೆಯ ಕಂಪನ ಅಂತ ಕಂಡಿತು, ಬಾಡಿ ಅಲ್ಲ. ಆದರೆ ಆಂಪ್ ಇಲ್ಲದೆ ನುಡಿಸಿದರೆ ಫೋಮ್ ಗಿಟಾರ್ ಬೇರೆಯೇ. ಹೊದಿಕೆ ತೆಳ್ಳಗಿರುವುದರಿಂದ ಬಾಡಿ ಮೇಲೆ ತಟ್ಟಿದರೆ ಟಕ್ ಅನ್ನುತ್ತದೆ, ತಂತಿಯ ಸದ್ದೂ ಮರದ ಬಾಡಿಗಿಂತ ಜೋರು. ಕೈ ತಾಗಿದ ಶಬ್ದವನ್ನು ಕೆಲವು ಪಿಕಪ್‌ಗಳು ಹಿಡಿಯುತ್ತವೆ, ಮೇಣದಲ್ಲಿ ಅದ್ದಿದ ಪಿಕಪ್ ಹಾಕಿದರೆ ಆ ತೊಂದರೆ ಕಡಿಮೆ. ಒಳಗೆ ಫೋಮ್ ತುಂಬಿರುವುದರಿಂದ ಟೊಳ್ಳು ಗಿಟಾರಿನಂತೆ ಊಳಿಡುವುದಿಲ್ಲ.

ಅಲ್ಲಿ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ವೀಣೆಗೆ ಇದು ಆಗುತ್ತಾ ಅಂತ. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ವೀಣೆಯ ಬುರುಡೆ ಈಗಾಗಲೇ ಫೈಬರ್‌ಗ್ಲಾಸ್‌ನಲ್ಲಿ ಬರುತ್ತಿದೆ. ಬೆಂಗಳೂರಿನ ಡಾ. ಕೆ. ವರದರಂಗನ್ ಫೈಬರ್‌ಗ್ಲಾಸ್ ಬಳಸಿ ಮೃದಂಗ ಮಾಡಿದ್ದಾರೆ. ಡಿಜಿಟಲ್ ವೀಣೆ ಮಾಡಿದ, ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಹೆಲಿಕಾಪ್ಟರಿನ ಕಾಮನ್ ಥರವೇ, ವಿಮಾನದಿಂದ ವಾದ್ಯಕ್ಕೆ ಬಂದವರು. ಪಿಕಪ್ ಇರುವ ವೀಣೆಗೆ ಕೊಡ ಹಗುರ ಮಾಡುವುದು ಕಷ್ಟವಲ್ಲ, ಗಿಟಾರ್ ಬಾಡಿ ಮಾಡಿದ ಹಾಗೆಯೇ. ಪಿಕಪ್ ಇಲ್ಲದ ವೀಣೆಯ ಕೊಡಕ್ಕೆ ಫೋಮ್ ತುಂಬುವ ಮಾತೇ ಇಲ್ಲ, ಅಲ್ಲಿ ಧ್ವನಿ ಹುಟ್ಟುವುದೇ ಆ ಟೊಳ್ಳಿನಲ್ಲಿ. ತೊಡಕಿರುವುದು ದಂಡಿಯಲ್ಲಿ. ವೀಣೆಯ 24 ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಮೇಳ ಕಟ್ಟುವವರು ಆ ಮೇಣವನ್ನು ಬಿಸಿ ಮಾಡಿ ಮೆತ್ತಗಾಗಿಸಿ ಮೆಟ್ಟಿಲು ಸರಿಸುತ್ತಾರೆ, ಸ್ವಲ್ಪ ಕಾಲ ಕಳೆದ ಮೇಲೆ ಮತ್ತೆ ಕಟ್ಟಬೇಕಾಗುತ್ತದೆ. ಬಿಸಿ ಮೇಣದ ಕೆಳಗೆ ಪಾಲಿಸ್ಟೈರೀನ್ ಇದ್ದರೆ ಅದೂ ಮೆತ್ತಗಾಗುತ್ತದೆ, ಹೊದಿಕೆಯ ಅಂಟು ಬಿಡುತ್ತದೆ. ದಂಡಿಗೆ ಪಿವಿಸಿ ಫೋಮ್ ಸ್ವಲ್ಪ ವಾಸಿ, ಬಾಲ್ಸಾ ಮರ ಇನ್ನೂ ವಾಸಿ. ಅದಕ್ಕಿಂತ ಮೊದಲು ಮೇಳ ಕಟ್ಟುವವರ ಹತ್ತಿರ ಹೋಗಿ ಅವರು ಮೇಣವನ್ನು ಎಷ್ಟು ಬಿಸಿ ಮಾಡುತ್ತಾರೆ ಅಂತ ಥರ್ಮಾಮೀಟರ್ ಹಿಡಿದು ಅಳೆಯಿರಿ. ಆ ಸಂಖ್ಯೆ ಕೈಗೆ ಬಂದ ಮೇಲೆ ಒಳಗೆ ಏನು ತುಂಬಬೇಕು, ಯಾವ ರೆಸಿನ್ ಹಚ್ಚಬೇಕು ಎರಡೂ ತೀರ್ಮಾನ ಆಗುತ್ತದೆ.